ಬೈಗುಳಕ್ಕೆ ಬಂದ ಬಿರುದು

ದುಡ್ಡು ಕೊಟ್ಟು ಬೈಸಿಕೊಳ್ಳುವವರನ್ನು ಎಲ್ಲಾದರೂ ಕಂಡಿದ್ದೀರಾ? ಟಿಕೆಟ್ ಹಿಡಿದು ಸಾಲಿನಲ್ಲಿ ನಿಂತು, ನೂಕುನುಗ್ಗಲಿನಲ್ಲಿ ಒಳಗೆ ತೂರಿ, ಬಿಯರಿನ ಲೋಟ ತುಳುಕದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು, ವೇದಿಕೆಯ ಮೇಲಿನವರು ಉಂಡು ಕುಡಿದು ಕಾಲ ಕಳೆಯುವ ಸೋಮಾರಿಗಳನ್ನು ಗದರಿಸಲು ಶುರು ಮಾಡಿದ ಕೂಡಲೇ ಇನ್ನೊಂದು ಕೈಯ ಮುಷ್ಟಿ ಮೇಲೆತ್ತಿ ಹೋ ಎಂದು ಕುಣಿಯುವ ಜನರನ್ನು? ಯುರೋಪು, ಅಮೆರಿಕಗಳಲ್ಲಿ 2019ರಿಂದ ಈಚೆಗೆ ಇಂಥವರು ಸಾವಿರಗಟ್ಟಲೆ ಸೇರುತ್ತಿದ್ದಾರೆ. ಬೈಯುವವರು ಮಂಗೋಲಿಯಾದವರು. ಬೈಯುವುದು ಮಂಗೋಲಿಯನ್ ಭಾಷೆಯಲ್ಲಿ. ಬೈಸಿಕೊಳ್ಳುವವರಿಗೆ ಅದರಲ್ಲಿ ಒಂದಕ್ಷರವೂ ತಿಳಿಯದು. ಹಾಗಾಗಿ ಎರಡೂ ಕಡೆಯವರಿಗೆ ಪರಮಾನಂದ.

ಇದನ್ನು ಕೇಳಿ ನಾವು ನಗುವಂತಿಲ್ಲ, ಬಿಡಿ. ದಾಸರು ಹೊಟ್ಟೆ ಉರಿದು ಬೈದದ್ದನ್ನು ಕಲ್ಯಾಣಿಯಲ್ಲೋ ಕಾಂಬೋಜಿಯಲ್ಲೋ ಕೇಳಿ, ತಲೆದೂಗಿ, ತೊಡೆ ತಟ್ಟಿ ತಾಳ ಹಾಕಿ, ಕಛೇರಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಬೋಂಡಾ ಬಿಸಿಯಾಗಿರಲಿಲ್ಲವೆಂದು ಜಗಳ ಮಾಡಿ ಬರುವವರು ನಾವು. ನಮಗೆ ಭಾಷೆಯೂ ಗೊತ್ತಿತ್ತು. ಆ ಲೆಕ್ಕದಲ್ಲಿ ಜರ್ಮನಿಯ ಹುಡುಗರೇ ವಾಸಿ.

ತಂಡದ ಹೆಸರು ‘ದ ಹು’. ಇಂಗ್ಲೆಂಡಿನ ಹಳೆಯ ‘ದ ಹೂ’ ಬೇರೆ, ಇದು ಬೇರೆ. ಇದು 2016ರಲ್ಲಿ ಉಲಾನ್‌ಬಾತರಿನಲ್ಲಿ ಹುಟ್ಟಿದ್ದು. ಗಾಲಾ, ಜಾಯಾ, ತೆಮ್ಕಾ, ಎಂಕುಶ್ ಎಂಬ ನಾಲ್ವರು ಮುಂದೆ ನಿಂತು ಹಾಡುವವರು, ನುಡಿಸುವವರು. ಹಿಂದೆ ನಿಂತು ತಂಡವನ್ನು ಕಟ್ಟಿದವನು ನಿರ್ಮಾಪಕ ದಾಷ್ಕಾ. ನೋಡುವುದಕ್ಕೆ ಚರ್ಮದ ಉಡುಪು, ಹೆಣೆದ ಜಡೆ, ಬೆಳ್ಳಿಯ ಕಡಗ. ಕತ್ತಲೆಯಲ್ಲಿ ಎದುರಾದರೆ ಅವರು ಕೇಳುವ ಮೊದಲೇ ನಾವು ಪರ್ಸು ತೆಗೆದುಕೊಡುವಂಥ ಠೀವಿ. ಆದರೆ ವಿಚಾರಿಸಿ ನೋಡಿದರೆ ನಾಲ್ವರೂ ಸಂಗೀತದಲ್ಲಿ ಪದವಿ ಪಡೆದವರು, ತಮ್ಮ ನಾಡಿನ ವಾದ್ಯಗಳನ್ನು ಕ್ರಮವಾಗಿ ಕಲಿತ ವಿದ್ವಾಂಸರು! 2018ರ ಸೆಪ್ಟೆಂಬರ್ ಕೊನೆಯಲ್ಲಿ ಇವರು ‘ಯುವೆ ಯುವೆ ಯು’ ಎಂಬ ತಮ್ಮ ಮೊದಲ ಹಾಡಿನ ವಿಡಿಯೊವನ್ನು ಯೂಟ್ಯೂಬಿಗೆ ಏರಿಸಿದರು. ಆಲ್ಬಂ ಎಂಬುದು ಆಗ ಇನ್ನೂ ಬಂದಿರಲಿಲ್ಲ. ಕೆಲವೇ ತಿಂಗಳಲ್ಲಿ ನೋಡಿದವರ ಲೆಕ್ಕ ಕೋಟಿ ಮುಟ್ಟಿತು. ಆಮೇಲೆ ಹತ್ತು ಕೋಟಿಯನ್ನೂ ದಾಟಿತು. ಮಂಗೋಲಿಯಾ ಎಂಬ ದೇಶಕ್ಕೆ ನೆಲ ಕರ್ನಾಟಕದ ಎಂಟು ಪಟ್ಟು ಇದೆ, ಜನ ಬೆಂಗಳೂರಿನ ಮೂರನೇ ಒಂದು ಭಾಗದಷ್ಟೂ ಇಲ್ಲ. ಕೂಸು ಕುನ್ನಿ ಸಮೇತ ಆ ದೇಶದವರೆಲ್ಲ ತಲಾ ಇಪ್ಪತ್ತೈದು ಸಲ ನೋಡಿದರೂ ಹತ್ತು ಕೋಟಿ ಆಗುವುದಿಲ್ಲ. ಅಂದಮೇಲೆ ನೋಡಿದವರು ಹೊರಗಿನವರೇ.

ಅವರೆಲ್ಲ ನೋಡಿದ್ದಾದರೂ ಏನನ್ನು? ಬೆಟ್ಟ, ಬಯಲು, ನೀರು, ಆಕಾಶ, ಅವುಗಳ ನಡುವೆ ಕಾಲೂರಿ ನಿಂತ ಗಂಡಸರು ಎಂದು ಎಲ್ಲರೂ ಹೇಳುತ್ತಾರೆ. ಆದರೆ ವಿಡಿಯೊ ಶುರುವಾಗುವುದು ಅಲ್ಲಿ ಅಲ್ಲ, ಮನೆಯೊಳಗೆ. ಟೀವಿ, ವಿಡಿಯೊ ಗೇಮು ಎಂದು ನಮ್ಮ ನಿಮ್ಮ ಮನೆಯ ಭಾನುವಾರದ ಹಾಗೆ ಬಿದ್ದುಕೊಂಡಿದ್ದಾರೆ ನಮ್ಮ ವೀರರು. ಆಮೇಲೆ ಎದ್ದು ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಎದುರಿಗೆ ಕೊನೆಯೇ ಕಾಣದ ನಾಡು! ನಮ್ಮ ಬಡಾವಣೆಗಳಲ್ಲಿ ಈ ಪ್ರಯೋಗ ಮಾಡಬೇಡಿ. ಬಾಗಿಲು ತೆರೆದರೆ ಎದುರುಮನೆಯವರ ವಾಷಿಂಗ್ ಮಷೀನು ಕಾಣುತ್ತದೆ. ಆ ಮೊದಲ ದೃಶ್ಯವನ್ನು ಜನ ಬೆರಳಿನಿಂದ ಮುಂದಕ್ಕೆ ತಳ್ಳಿ ಸೀದಾ ಬೆಟ್ಟಕ್ಕೆ ಹೋಗುತ್ತಾರೆಂದು ನನ್ನ ಗುಮಾನಿ. ಹಾಡಿನ ಜೀವ ಇರುವುದು ಆ ಸೋಫಾದ ಮೇಲೆ.

ಏಕೆಂದರೆ ಹಾಡು ಬೈಯುವುದು ಸೋಫಾದವರನ್ನೇ. ನಮ್ಮಲ್ಲಿ ಒಂದು ಮಾತಿದೆಯಲ್ಲ, ನಮ್ಮ ತಾತ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡು ಎಂದು? ಆ ಒಂದು ಗಾದೆಯನ್ನು ಹಿಗ್ಗಿಸಿ, ಅದಕ್ಕೆ ಡೋಲು ಕಟ್ಟಿ, ಗುಡುಗು ಸೇರಿಸಿದರೆ ‘ಯುವೆ ಯುವೆ ಯು’ ಆಗುತ್ತದೆ. ಮಹಾ ಮಂಗೋಲರ ಕುಲದವರು ನಾವೆಂದು ಪೂರ್ವಜರ ಹೆಸರನ್ನು ಬಾಯಿಗೆ ಬಂದಾಗಲೆಲ್ಲ ಹೇಳುತ್ತೀರಿ, ಆದರೆ ಕೊಟ್ಟ ಮಾತು ಉಳಿಸಿಕೊಳ್ಳುವುದಿಲ್ಲ. ಉಂಡು ಕುಡಿದು ನಲಿಯುವುದರಲ್ಲೇ ಕಾಲ ಹೋಯಿತು. ಹಿರಿಯರು ಬಿಟ್ಟುಹೋದ ನೆಲದ ಬೆಲೆ ನಿಮಗೆ ತಿಳಿಯದು. ಇದೆಂಥ ವಿಚಿತ್ರ ಮಾರಾಯರೇ, ಎಂದು ಕೇಳುತ್ತದೆ ಪಲ್ಲವಿ. ಇಷ್ಟೇ. ಯುದ್ಧವೂ ಇಲ್ಲ, ಶತ್ರುವೂ ಇಲ್ಲ. ಊರ ಹಿರಿಯನೊಬ್ಬ ಜಗುಲಿಯ ಮೇಲೆ ಕೂತು ಕೇರಿಯ ಹುಡುಗರಿಗೆ ಹೇಳುವ ಬುದ್ಧಿಮಾತು. ದನಿ ಮಾತ್ರ ಕಣಿವೆಯಾಚೆಗೂ ಕೇಳುವಷ್ಟು.

ಜಗತ್ತಿಗೆ ಕೇಳಿಸಿದ್ದೇ ಬೇರೆ. ಜಗತ್ತಿಗೆ ಕೇಳಿಸಿದ್ದು ಸಾವಿರ ಕುದುರೆಗಳ ಖುರಪುಟ, ರಣಕಹಳೆ, ಕೋಟೆಯ ಬಾಗಿಲು ಮುರಿಯುವ ಸದ್ದು. ನನ್ನ ಅಕ್ಕನ ಮಗನೊಬ್ಬನಿದ್ದಾನೆ. ಹಗಲೆಲ್ಲ ಕಂಪ್ಯೂಟರಿನ ಮುಂದೆ ಬಾಗಿರುತ್ತಾನೆ, ಸಂಜೆ ಜಿಮ್ಮಿಗೆ ಹೋಗಿ ನೆಟ್ಟಗಾಗಿ ಬರುತ್ತಾನೆ. ಈ ಹಾಡನ್ನು ನನ್ನ ಕಿವಿಗೆ ಮೊದಲು ತುರುಕಿದವನು ಅವನೇ.

“ಮಾವ, ಇದನ್ನ ಕೇಳ್ತಾ ಇದ್ರೆ ರಕ್ತ ಕುದಿಯುತ್ತೆ. ಯಾವ್ದಾದ್ರೂ ದೇಶದ ಮೇಲೆ ದಂಡೆತ್ತಿ ಹೋಗೋಣ ಅನ್ಸುತ್ತೆ.”

“ಯಾವ ದೇಶದ ಮೇಲೆ ಹೋಗ್ತೀಯೋ?”

“ಅದೆಲ್ಲ ಗೊತ್ತಿಲ್ಲ. ಸುಮ್ನೆ ಹೋಗ್ಬೇಕು ಅಷ್ಟೆ.”

ಹಿಂದಿನ ದಿನ ತರಕಾರಿ ತರಲು ಮೂಲೆಯಂಗಡಿಯವರೆಗೆ ಹೋಗು ಎಂದು ಅವನಮ್ಮ ಹೇಳಿದ್ದಕ್ಕೆ ಮೊಬೈಲಿನಲ್ಲಿ ತರಿಸಿಕೊಂಡ ಮಹಾಶಯ ಇವನು. ಅವನೊಬ್ಬನನ್ನೇ ಏಕೆ ಆಡಿಕೊಳ್ಳಲಿ? ಅಮೆರಿಕದಲ್ಲೂ ಯುರೋಪಿನಲ್ಲೂ ಈ ಹಾಡಿಗೆ ಮೊದಲು ಮುಗಿಬಿದ್ದವರು ಇವನ ವಂಶಸ್ಥರೇ. ಟೀವಿಯಲ್ಲಿ ವೈಕಿಂಗರ ಕಥೆ ನೋಡಿ ಗಡ್ಡ ಬಿಟ್ಟವರು, ಕಂತಿನಲ್ಲಿ ದೊಡ್ಡ ಮೋಟರ್‌ಸೈಕಲ್ ಕೊಂಡವರು, ಕಂಪ್ಯೂಟರ್ ಆಟದಲ್ಲಿ ವಾರಕ್ಕೊಂದು ಸಾಮ್ರಾಜ್ಯ ಕಟ್ಟಿ ಸೋಮವಾರ ಬೆಳಗ್ಗೆ ಹಾಜರಿ ಹಾಕುವವರು. ನಮ್ಮೊಳಗೂ ಒಬ್ಬ ಚೆಂಗೀಸ್ ಖಾನ್ ಮಲಗಿದ್ದಾನೆ, ಅವನನ್ನು ಎಬ್ಬಿಸಲಿಕ್ಕೆ ಒಂದು ಹಾಡು ಬೇಕಿತ್ತು ಎಂದು ಇವರೆಲ್ಲರಿಗೂ ಅನ್ನಿಸಿಬಿಟ್ಟಿತು. ಸ್ವಂತ ತಾತ ತುಪ್ಪ ತಿನ್ನದಿದ್ದರೆ ಏನಂತೆ, ಮಂಗೋಲರ ತಾತನ ಕೈಯನ್ನಾದರೂ ಮೂಸೋಣ ಎಂಬ ಧಾರಾಳ.

ಹಾಗೆಂದು ಕೇಳುಗರದೇ ಪೂರ್ತಿ ತಪ್ಪು ಎನ್ನಲಾರೆ. ಆ ನಾದವೇ ಅಂಥದ್ದು. ಇವರ ಮುಖ್ಯ ವಾದ್ಯ ಮೋರಿನ್ ಖೂರ್. ಕಮಾನಿನಿಂದ ನುಡಿಸುವ ಎರಡೇ ತಂತಿಯ ವಾದ್ಯ, ಮೇಲ್ತುದಿಯಲ್ಲಿ ಕೆತ್ತಿದ ಕುದುರೆಯ ತಲೆ. ತಂತಿ ಎಂದೆನಲ್ಲ, ಅದೂ ಕುದುರೆಯ ಬಾಲದ ಕೂದಲೇ. ಸಂಪ್ರದಾಯದ ಲೆಕ್ಕದಲ್ಲಿ ಒಂದು ತಂತಿಗೆ ಗಂಡು ಕುದುರೆಯ 130 ಕೂದಲು, ಇನ್ನೊಂದಕ್ಕೆ ಹೆಣ್ಣು ಕುದುರೆಯ 105. ಯಾರು ಎಣಿಸಿದರೋ! ಇದರ ಜೊತೆಗೆ ತೊವ್‌ಶೂರ್ ಎಂಬ ಮೀಟುವಾದ್ಯ, ಊದುವುದಕ್ಕೆ ತ್ಸೂರ್. ಮತ್ತೆ ತುಮುರ್ ಖೂರ್ ಎಂದೊಂದು ಇದೆ. ಹಲ್ಲಿಗೆ ಒತ್ತಿ ಹಿಡಿದು ಬೆರಳಿನಿಂದ ಮೀಟುವ ಕಬ್ಬಿಣದ ಪುಟ್ಟ ವಸ್ತು. ಹೆಸರು ಕೇಳಿ ಹೆದರಬೇಡಿ, ನಮ್ಮ ಕಛೇರಿಗಳಲ್ಲಿ ಮೃದಂಗದ ಪಕ್ಕ ಕೂತು, ತನಿ ಆವರ್ತನದಲ್ಲಿ ತನ್ನ ಸರದಿಗಾಗಿ ಕಾಯುವ ಮೋರ್ಸಿಂಗಿನ ದಾಯಾದಿ ಅದು. ಸಾಧುಪ್ರಾಣಿ ಎಂದುಕೊಂಡಿದ್ದ ನಮ್ಮ ಮೋರ್ಸಿಂಗಿನ ನೆಂಟರು ಅಲ್ಲಿ ಚರ್ಮದ ಜಾಕೆಟ್ ತೊಟ್ಟು ತಿರುಗುತ್ತಿದ್ದಾರೆಂದು ನನಗೂ ಗೊತ್ತಿರಲಿಲ್ಲ.

ಇನ್ನು ಆ ಗಂಟಲು. ಖೂಮೆಯ್ ಎನ್ನುತ್ತಾರೆ. ಒಬ್ಬನೇ ಹಾಡುಗಾರ ಕೆಳಗೊಂದು ಸ್ವರ ಹಿಡಿದು, ಅದು ಕದಲದಂತೆ, ಬಾಯಿಯ ಆಕಾರ ಬದಲಿಸುತ್ತಾ ಅದರೊಳಗೇ ಅಡಗಿರುವ ಮೇಲಿನ ಅನುಸ್ವರಗಳನ್ನು ಎತ್ತಿ ಕೇಳಿಸುತ್ತಾನೆ. ತಂಬೂರಿಯನ್ನೂ ಕೊಳಲನ್ನೂ ಒಂದೇ ಕೊರಳಲ್ಲಿ ಬಾಡಿಗೆಗಿಟ್ಟ ಹಾಗೆ. ಯುನೆಸ್ಕೊ ತನ್ನ ಪಟ್ಟಿಗೆ ಮೋರಿನ್ ಖೂರನ್ನು 2008ರಲ್ಲಿ, ಮಂಗೋಲಿಯಾದ ಖೂಮೆಯ್ ಕಲೆಯನ್ನು 2010ರಲ್ಲಿ ಸೇರಿಸಿಕೊಂಡಿತು. ಇದರಲ್ಲೇ ಖರ್ಖಿರಾ ಎಂಬ ಒಂದು ಬಗೆ ಇದೆ: ಗಂಟಲಿನ ತಳದಿಂದ ಬರುವ ಗರಗರ ಗರ್ಜನೆ. ಅತ್ತ ಪಡುವಣ ದೇಶಗಳಲ್ಲಿ ಮೆಟಲ್ ಎಂಬ ಅಬ್ಬರದ ರಾಕ್ ಹಾಡುವವರು ಇಂಥದ್ದೊಂದು ಗರ್ಜನೆಯನ್ನು ಸಾಧಿಸಲು ಎಷ್ಟು ಕಷ್ಟಪಟ್ಟಿದ್ದಾರೆ! ಗಂಟಲು ಹರಿದುಕೊಂಡು, ವೈದ್ಯರ ಬಳಿ ಓಡಿ, ಜೇನುತುಪ್ಪ ನೆಕ್ಕಿ, ಅಂತೂ ಎಂಬತ್ತರ ದಶಕದಿಂದ ಕಲಿತದ್ದನ್ನು ಇವರ ಕಡೆ ಕುದುರೆ ಕಾಯುವವನು ಸಂಜೆ ಹೊತ್ತು ಹೋಗದಿದ್ದಾಗ ಬೆಟ್ಟಕ್ಕೆ ಮುಖ ಮಾಡಿ ಹಾಡಿಕೊಳ್ಳುತ್ತಿದ್ದ.

ಆದರೂ ಮೆಟಲ್ ಲೋಕದ ಮಡಿವಂತರು ಸುಮ್ಮನಿರಲಿಲ್ಲ. ಈ ಲೋಕ ನಿಮಗೆ ಪರಿಚಯವಿದೆಯೋ ಇಲ್ಲವೋ. ಕೂದಲು ಬಿಟ್ಟು, ಕಟ್ಟುಪಾಡುಗಳನ್ನೆಲ್ಲ ಒಡೆಯುತ್ತೇವೆಂದು ಹೊರಟವರು ಇವರು. ಒಳಗೆ ಹೋಗಿ ನೋಡಿದರೆ ಥ್ರ್ಯಾಷ್, ಡೆತ್, ಬ್ಲ್ಯಾಕ್, ಡೂಮ್, ಪವರ್, ಫೋಕ್ ಎಂದು ಜಾತಿ. ಒಂದೊಂದರಲ್ಲೂ ಹತ್ತೆಂಟು ಉಪಜಾತಿ. ಒಬ್ಬರ ಪಂಕ್ತಿಯಲ್ಲಿ ಇನ್ನೊಬ್ಬರು ಕೂರುವ ಹಾಗಿಲ್ಲ. ‘ದ ಹು’ ಬಂದಾಗಲೂ ಗೋತ್ರ ಕೇಳಿದರು. ವೇಗ ಸಾಲದು, ಗಿಟಾರು ಮುಂದಿಲ್ಲ, ಇದು ಮೆಟಲ್ಲೇ ಅಲ್ಲ ಎಂದರು. ತಂಡದವರು ಜಾಣರು, ಬೇರೊಂದು ಹೆಸರಿಟ್ಟುಕೊಂಡು ಪಾರಾದರು. ಚೆಂಗೀಸ್ ಖಾನನಿಗೂ ಮೊದಲಿನ, ಎರಡು ಸಾವಿರ ವರ್ಷ ಹಿಂದಿನ ಹುನ್ನು ಸಾಮ್ರಾಜ್ಯದ ಹೆಸರು ಹಿಡಿದು ಇದು ‘ಹುನ್ನು ರಾಕ್’ ಎಂದರು. ಗಮನಿಸಿದಿರಾ? ಪೂರ್ವಜರ ಹೆಸರು ಹೇಳಿಕೊಂಡು ತಿರುಗಬೇಡಿ ಎಂದು ಹಾಡಿದವರು ತಮ್ಮ ಅಂಗಡಿಗೆ ಹಾಕಿಕೊಂಡ ಬೋರ್ಡು ಪೂರ್ವಜರದೇ.

ಮಂಗೋಲಿಯಾ ಎಂದರೆ ಕುದುರೆ, ಗುಡಾರ, ಮಂಜು ಅಷ್ಟೇ ಎಂದುಕೊಂಡ ಹೊರಗಿನವರಿಗೆ ಅಲ್ಲಿ ರಾಕ್ ಇದೆ ಎಂಬುದೇ ಬೆರಗಿನ ಸುದ್ದಿಯಾಯಿತು. ‘ಹುರ್ಡ್’ ಎಂಬ ಹೆವಿ ಮೆಟಲ್ ತಂಡ ಅಲ್ಲಿ 1987ರಲ್ಲೇ ಹುಟ್ಟಿದೆ, ಎರಡು ವರ್ಷದ ಮೇಲೆ ‘ಹರಂಗಾ’ ಬಂದಿದೆ. ಹಳೆಯ ವಾದ್ಯಗಳಿಗೆ ರಾಕಿನ ಬಿರುಸು ತುಂಬುವ ಕೆಲಸವನ್ನು ‘ಅಲ್ತಾನ್ ಉರಗ್’ ತಂಡ 2002ರಿಂದಲೇ ಮಾಡುತ್ತಿತ್ತು. ಉಲಾನ್‌ಬಾತರಿನ ನಡುಪೇಟೆಯಲ್ಲಿ ಬೀಟಲ್ಸರ ಸ್ಮಾರಕವೇ ಇದೆ. ಒಂದು ಮಗ್ಗುಲಲ್ಲಿ ಆ ನಾಲ್ವರು, ಇನ್ನೊಂದು ಮಗ್ಗುಲಲ್ಲಿ ಮೆಟ್ಟಿಲ ಮೇಲೆ ಗಿಟಾರು ಹಿಡಿದು ಕೂತ ಹುಡುಗ. ಆ ಸಂಗೀತವನ್ನು ಬಹಿರಂಗವಾಗಿ ಕೇಳುವಂತಿಲ್ಲದ ಕಾಲದಲ್ಲಿ ಎಳೆಯರು ಕಟ್ಟಡಗಳ ಮೆಟ್ಟಿಲ ಸಂದಿಯಲ್ಲಿ ಕೂತು ಹಾಡಿಕೊಳ್ಳುತ್ತಿದ್ದ ನೆನಪು ಅದು. 1990ರ ಚಳಿಯಲ್ಲಿ ಚೌಕಕ್ಕೆ ಇಳಿದು ಪ್ರಜಾಪ್ರಭುತ್ವ ಕೇಳಿದ ಜನರ ಬಾಯಲ್ಲಿದ್ದದ್ದೂ ‘ಖೊಂಖ್’ ಎಂಬ ರಾಕ್ ತಂಡದ ಗಂಟೆಯ ಹಾಡು. ಮಲಗಿದವರನ್ನು ಹಾಡಿನಿಂದ ಎಬ್ಬಿಸುವ ಕಸಬು ಅಲ್ಲಿ ಹೊಸದೇನಲ್ಲ.

ಮಲಗಿದ್ದವರು ಒಮ್ಮೆ ಎದ್ದರಲ್ಲ, ಆಮೇಲೆ ಆದದ್ದು ಮಜಾ. ಕಮ್ಯುನಿಸ್ಟರ ಕಾಲದಲ್ಲಿ ಚೆಂಗೀಸ್ ಖಾನನ ಗುಣಗಾನ ಮಾಡುವುದು ಅಪಾಯದ ಕೆಲಸವಾಗಿತ್ತು. 1962ರಲ್ಲಿ, ಅವನು ಹುಟ್ಟಿ ಎಂಟು ನೂರು ವರ್ಷವಾಯಿತೆಂದು ದಾದಲ್ ಎಂಬಲ್ಲಿ ಒಂದು ಕಲ್ಲು ನಿಲ್ಲಿಸಿ, ಅಂಚೆಚೀಟಿ ಹೊರಡಿಸಿದರು. ಮಾಸ್ಕೋಗೆ ಮುಖ ಊದಿಕೊಂಡಿತು. ಉತ್ಸವಕ್ಕೆ ಒತ್ತಾಸೆಯಾಗಿದ್ದ ತೊಮೊರ್-ಒಚಿರ್ ಎಂಬ ಹಿರಿಯ ಪಕ್ಷನಾಯಕ ಪದವಿ ಕಳೆದುಕೊಂಡ. ತಾತನ ಹೆಸರು ಎತ್ತಿದರೆ ಕೆಲಸ ಹೋಗುತ್ತಿದ್ದ ನಾಡಿನಲ್ಲಿ ಎಪ್ಪತ್ತು ವರ್ಷ ಅದುಮಿಟ್ಟ ಬಡಾಯಿ 1990ರ ನಂತರ ಒಂದೇ ಸಲಕ್ಕೆ ಉಕ್ಕಿತು. ನೋಟಿನ ಮೇಲೆ ಚೆಂಗೀಸ್. ವೋಡ್ಕಾ ಬಾಟಲಿಯ ಮೇಲೆ ಚೆಂಗೀಸ್, ಬಿಯರಿನ ಮೇಲೆ ಚೆಂಗೀಸ್, ಹೋಟೆಲಿನ ಫಲಕದ ಮೇಲೆ ಚೆಂಗೀಸ್. ವಿಮಾನ ನಿಲ್ದಾಣಕ್ಕೆ 2005ರಲ್ಲಿ ಅವನ ಹೆಸರು. ರಾಜಧಾನಿಯ ಸುಖ್‌ಬಾತರ್ ಚೌಕಕ್ಕೆ 2013ರಲ್ಲಿ ಅವನ ಹೆಸರಿಟ್ಟು, 2016ರಲ್ಲಿ ಮತ್ತೆ ಹಳೆಯ ಹೆಸರಿಗೇ ಮರಳಿದರು. ಹೆಸರಿನ ಫಲಕ ಬರೆಯುವವನೊಬ್ಬ ಮಾತ್ರ ಎರಡೂ ಸಲ ಗೆದ್ದ. ಕುಡಿಯುವಾಗಲೂ ಕುಡಿಸುವಾಗಲೂ ತಾತನ ಮುಖವೇ ಎದುರಿಗಿರುವ ಊರಿನಲ್ಲಿ ಕೂತು, ತಾತನ ಹೆಸರನ್ನು ಹೀಗೆ ಸವೆಸುತ್ತೀರಲ್ಲಾ ಎಂದು ಒಂದು ತಂಡ ಹಾಡಿತು. ಯಾರ ಬಾಗಿಲಿಗೆ ನಿಂತು ಬೈದರು ಎಂಬುದು ಈಗ ಗೊತ್ತಾಯಿತಲ್ಲ?

ಆ ಬಾಗಿಲಿನವರು ಏನು ಮಾಡಬೇಕಿತ್ತು? ಮುಖ ಕೆಂಪಗೆ ಮಾಡಿಕೊಳ್ಳಬೇಕಿತ್ತು, ಇಲ್ಲವೇ ನಾಚಿಕೊಳ್ಳಬೇಕಿತ್ತು. ಎರಡೂ ಆಗಲಿಲ್ಲ. ಒಳಗೆ ಕರೆದು ಹಾರ ಹಾಕಿದರು! ರಾಜಧಾನಿಯಿಂದ ಸ್ವಲ್ಪ ದೂರದ ತ್ಸೊಂಜಿನ್ ಬೊಲ್ಡೊಗ್ ಬಯಲಿನಲ್ಲಿ ಚೆಂಗೀಸ್ ಖಾನನ ಒಂದು ಕುದುರೆಸವಾರಿ ಪ್ರತಿಮೆ ಇದೆ. 2008ರಲ್ಲಿ ಎದ್ದು ನಿಂತದ್ದು. ಎತ್ತರ 40 ಮೀಟರ್, ಮೈಯೆಲ್ಲ ಹೊಳೆಯುವ ಸ್ಟೀಲು, ತೂಕ 250 ಟನ್. ಒಳಗಿನಿಂದ ಹತ್ತಿ ಕುದುರೆಯ ತಲೆಯ ಮೇಲೆ ಬಂದು ನಿಂತು ಫೋಟೊ ತೆಗೆಸಿಕೊಳ್ಳಬಹುದು. ಇದನ್ನು ಕಟ್ಟಿಸಿದ್ದು ಜೆಂಕೊ ಎಂಬ ಸಂಸ್ಥೆ. ಆ ಸಂಸ್ಥೆಯನ್ನು ಹುಟ್ಟುಹಾಕಿದವನು ಖಲ್ತ್‌ಮಾಗೀನ್ ಬಾತುಲ್ಗಾ. ಹಿಂದೊಮ್ಮೆ ಕುಸ್ತಿಪಟು, ಆಮೇಲೆ ವ್ಯಾಪಾರಿ. ‘ಗಾಡ್‌ಫಾದರ್’ ಸಿನಿಮಾದಲ್ಲಿ ಬರುವ ಆಲಿವ್ ಎಣ್ಣೆ ಕಂಪನಿಯ ಹೆಸರನ್ನೇ ತನ್ನ ಕಂಪನಿಗೆ ಇಟ್ಟ ರಸಿಕ. ಈ ಬಾತುಲ್ಗಾ 2017ರಲ್ಲಿ ದೇಶದ ಅಧ್ಯಕ್ಷನಾದ. 2019ರ ನವೆಂಬರಿನಲ್ಲಿ ‘ದ ಹು’ ತಂಡವನ್ನು ಕರೆಸಿ ದೇಶದ ಅತಿ ದೊಡ್ಡ ಗೌರವವನ್ನು ಕೊಟ್ಟ. ಆ ಪ್ರಶಸ್ತಿಯ ಹೆಸರೇನು ಗೊತ್ತೇ? ಆರ್ಡರ್ ಆಫ್ ಚೆಂಗೀಸ್ ಖಾನ್.

ಇದಕ್ಕಿಂತ ಚೆಂದವಾಗಿ ಬೈಗುಳವನ್ನು ಜೀರ್ಣಿಸಿಕೊಂಡ ಸರ್ಕಾರವನ್ನು ನಾನಂತೂ ಕಾಣೆ. ಉಳಿದ ದೇಶಗಳವರು ಕವಿಗಳನ್ನು ಜೈಲಿಗೆ ಹಾಕಿ ಕೆಟ್ಟ ಹೆಸರು ತಂದುಕೊಳ್ಳುತ್ತಾರೆ, ಪಾಪ, ಅನುಭವ ಸಾಲದು. ಬೈದವನ ಕೊರಳಿಗೆ ಬೈಸಿಕೊಂಡ ತಾತನ ಹೆಸರಿನದೇ ಪದಕ ಹಾಕಿದರೆ ಮುಗಿಯಿತು. ಇನ್ನೊಮ್ಮೆ ಬಾಯಿ ತೆರೆದಾಗ ಪದಕ ಎದೆಗೆ ತಗಲಿ ಟಿಣ್ ಎನ್ನುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ತಂಡದವರೂ ಅಷ್ಟು ಹೊತ್ತಿಗೆ ಬೈಯುವುದನ್ನು ಬಹುಮಟ್ಟಿಗೆ ನಿಲ್ಲಿಸಿದ್ದರು. ಮೊದಲ ಹಾಡು ಬಂದ ಎರಡು ತಿಂಗಳೊಳಗೆ, 2018ರ ನವೆಂಬರಿನಲ್ಲಿ, ‘ವುಲ್ಫ್ ಟೋಟೆಮ್’ ಬಂತು. ಅದರಲ್ಲಿ ಸೋಫಾ ಇಲ್ಲ, ಬುದ್ಧಿಮಾತಿಲ್ಲ. ಬಯಲಿನ ತುಂಬ ಮೋಟರ್‌ಸೈಕಲ್ಲುಗಳು, ಯಾವ ಮೃಗ ಬಂದರೂ ಎದುರಿಸುತ್ತೇವೆಂಬ ತೋಳದ ಗರ್ಜನೆ. ಶುದ್ಧ ವೀರಾವೇಶ, ಒಂದು ಹನಿ ಸ್ವವಿಮರ್ಶೆ ಬೆರೆಸಿಲ್ಲ. ಫಲಿತಾಂಶ ನೋಡಿ: ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಾರ್ಡ್ ರಾಕ್ ಡಿಜಿಟಲ್ ಮಾರಾಟದ ಪಟ್ಟಿಯಲ್ಲಿ ಬೈದ ಹಾಡು ಏಳನೆಯ ಮೆಟ್ಟಿಲಿನಲ್ಲಿ ನಿಂತಿತು, ಎದೆ ತಟ್ಟಿದ ಹಾಡು ಒಂದನೆಯ ಮೆಟ್ಟಿಲು ಹತ್ತಿತು. ಬಿಲ್‌ಬೋರ್ಡಿನ ಯಾವುದೇ ಪಟ್ಟಿಯ ತುದಿ ಮುಟ್ಟಿದ ಮೊದಲ ಮಂಗೋಲಿಯನ್ ತಂಡ ಎಂಬ ಕೀರ್ತಿ ಬಂದದ್ದು ಹೀಗೆ. 2019ರ ಸೆಪ್ಟೆಂಬರಿನಲ್ಲಿ ಬಂದ ಮೊದಲ ಆಲ್ಬಮಿಗೆ ‘ದ ಗೆರೆಗ್’ ಎಂದು ಹೆಸರು. ಖಾನರ ಕಾಲದಲ್ಲಿ ದೂತರು ಸಾಮ್ರಾಜ್ಯದ ಉದ್ದಗಲ ಓಡಾಡಲು ಹಿಡಿದುಕೊಳ್ಳುತ್ತಿದ್ದ ಲೋಹದ ರಹದಾರಿ ಅದು. ಅದರಲ್ಲಿ ಮೂರನೆಯ ಹಾಡೇ ಮಹಾ ಚೆಂಗೀಸ್ ಖಾನನ ಮೇಲೆ. ತಾತನ ಹೆಸರು ಸುಮ್ಮಸುಮ್ಮನೆ ಎತ್ತಬೇಡಿ ಎಂದವರು ಆಲ್ಬಮಿನಲ್ಲಿ ಏಳನೆಯ ಹಾಡಾಗಿ ಕೂತಿದ್ದಾರೆ, ತಾತನನ್ನು ಎತ್ತಿ ಮೆರೆಸಿದವರು ಮೂರನೆಯವರಾಗಿ. ಇಬ್ಬರೂ ಒಂದೇ ನಾಲ್ವರು.

ಇದರಲ್ಲಿ ಮೋಸವಿದೆ ಎಂದು ನಾನು ಹೇಳುತ್ತಿಲ್ಲ. ತಾತನನ್ನು ನಿಜವಾಗಿ ಗೌರವಿಸುವವನಿಗೇ ಅವನ ಹೆಸರು ಬಾಟಲಿಯ ಮೇಲೆ ಕಂಡಾಗ ಮೈ ಉರಿಯುವುದು. ಆದರೆ ಕೇಳುವವರಿಗೆ ಅಷ್ಟು ವ್ಯವಧಾನ ಎಲ್ಲಿದೆ? ಅಮೆರಿಕದ ರಾಕ್ ಹಾಡುಗಾರರನ್ನು ಕರೆಸಿ ಈ ಎರಡೂ ಹಾಡುಗಳಿಗೆ ಇಂಗ್ಲಿಷ್ ಸಾಲುಗಳನ್ನು ಸೇರಿಸಿ ಮತ್ತೊಮ್ಮೆ ಹೊರತಂದರು. ಮೊದಲನೆಯದಕ್ಕೆ ಡ್ಯಾನಿ ಕೇಸ್, ಎರಡನೆಯದಕ್ಕೆ ‘ಪಾಪಾ ರೋಚ್’ ತಂಡದ ಜಾಕೋಬಿ ಶ್ಯಾಡಿಕ್ಸ್. ಕೇಳಿದೆ. ಊಟದ ನಡುವೆ ಯಾರೋ ಎದ್ದು ನಿಂತು ಭಾಷಣ ಮಾಡಿದ ಹಾಗಿದೆ. ಅರ್ಥವಾಗದಿದ್ದಾಗಲೇ ಹೆಚ್ಚು ಚೆನ್ನಾಗಿತ್ತು ಎಂದು ನಾನು ಮೂಲಕ್ಕೇ ಮರಳಿದೆ. ಈ ಗುಟ್ಟು ಬೇರೆಯವರಿಗೂ ಹೊಳೆದಿರಬೇಕು. 2019ರಲ್ಲೇ ಸ್ಟಾರ್ ವಾರ್ಸ್ ಕಥೆಯ ‘ಜೆಡೈ: ಫಾಲನ್ ಆರ್ಡರ್’ ಎಂಬ ವಿಡಿಯೊ ಗೇಮಿಗೆ ಇವರಿಂದ ಒಂದು ಹಾಡು ಮಾಡಿಸಿಕೊಂಡರು, ಕಲ್ಪಿತ ಭಾಷೆಯಲ್ಲಿ. ಯಾವ ಗ್ರಹದಲ್ಲೂ ಯಾರೂ ಆಡದ ಭಾಷೆ! ಅಲ್ಲಿಗೆ ಯಾರಿಗೂ ಬೇಸರವಾಗುವ ಪ್ರಶ್ನೆಯೇ ಇಲ್ಲ. ವಿಡಿಯೊ ಗೇಮ್ ಬಿಟ್ಟು ಎದ್ದು ಹೊರಗೆ ಬನ್ನಿ ಎಂದು ಶುರುವಾದ ತಂಡ ಒಂದೇ ವರ್ಷದಲ್ಲಿ ವಿಡಿಯೊ ಗೇಮಿನೊಳಗೆ ಹೋಗಿ ಕೂತಿತ್ತು. 2022ರಲ್ಲಿ ಯುನೆಸ್ಕೊ ಇವರನ್ನು ಶಾಂತಿಯ ಕಲಾವಿದರು ಎಂದು ಸಾರಿತು. ದಂಡೆತ್ತಿ ಹೋಗಬೇಕೆಂದು ಕುದಿಯುತ್ತಿದ್ದ ನಮ್ಮ ಹುಡುಗನಿಗೆ ಈ ಸುದ್ದಿ ತಿಳಿಸಿದಾಗ ಅವನಿಗೆ ಸ್ವಲ್ಪ ಅವಮಾನವಾದಂತೆ ಕಂಡಿತು.

ನಮಗೂ ಮಂಗೋಲರಿಗೂ ಇರುವ ನಂಟು ಅಷ್ಟಕ್ಕಷ್ಟೆ. ಚೆಂಗೀಸ್ ಖಾನ್ 1221ರಲ್ಲಿ ಸಿಂಧೂ ನದಿಯ ದಡದವರೆಗೆ ಬಂದು ಹಿಂದಿರುಗಿದ. ಅವನ ವಂಶಜರ ಕಾಲದ ದಂಡುಗಳನ್ನು ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿ ತಡೆದ. ತಡೆದವನ ದಂಡೇ ಮಲಿಕ್ ಕಾಫೂರನ ಹಿಂದೆ 1311ರಲ್ಲಿ ದೋರಸಮುದ್ರಕ್ಕೆ ಬಂತೆಂಬುದು ಬೇರೆ ಮಾತು. ಮೆಟಲ್ ದಂಡು ಮಾತ್ರ ಬೆಂಗಳೂರಿಗೆ ತಡೆಯಿಲ್ಲದೆ ಬಂದಿದೆ: ಅರಮನೆ ಮೈದಾನಕ್ಕೆ 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ. ಆ ಮೆಟಾಲಿಕಾದ ‘ಸ್ಯಾಡ್ ಬಟ್ ಟ್ರೂ’ ಹಾಡನ್ನು ‘ದ ಹು’ 2020ರಲ್ಲಿ ಮಂಗೋಲಿಯನ್ನಿನಲ್ಲಿ ಹಾಡಿದೆ. 2024ರಲ್ಲಿ ಐರನ್ ಮೇಡನ್ನಿನ ಜೊತೆ ಅಮೆರಿಕದ ಊರೂರು ಸುತ್ತಿದೆ. ಇನ್ನು ಕರ್ನಾಟಕದಲ್ಲಿ ಕೂತು ಈ ಬೈಗುಳವನ್ನು ಅಕ್ಷರಶಃ ಅರ್ಥ ಮಾಡಿಕೊಳ್ಳಬಲ್ಲವರು ಯಾರಿದ್ದಾರೆ? ಇದ್ದಾರೆ, ಉತ್ತರ ಕನ್ನಡದ ಮುಂಡಗೋಡಿನಲ್ಲಿ. ಅಲ್ಲಿನ ಟಿಬೆಟನ್ ನೆಲೆಯ ಡ್ರೆಪುಂಗ್ ಗೋಮಾಂಗ್ ಮಠಕ್ಕೆ ಮಂಗೋಲಿಯಾದಿಂದ ಬೌದ್ಧ ಭಿಕ್ಷುಗಳು ಓದಲು ಬರುತ್ತಾರೆ. ಆದರೆ ಇಂದ್ರಿಯಸುಖ ಬಿಡಿ, ವಂಶದ ಹೆಮ್ಮೆ ಬಿಡಿ ಎಂದು ಅವರಿಗೆ ಬೆಳಗಿನ ಜಾವದಿಂದಲೇ ಪಾಠ ಆಗಿರುತ್ತದೆ. ಹಾಡು ಅವರಿಗೆ ಬೇಕಾಗಿಲ್ಲ, ಬೇಕಾದವರಿಗೆ ಅರ್ಥವಾಗುವುದಿಲ್ಲ.

ಬೇಕಾದವನೊಬ್ಬನಿಗಾದರೂ ಅರ್ಥ ಹೇಳಿಬಿಡೋಣವೆಂದು ಮೊನ್ನೆ ಅಕ್ಕನ ಮಗನನ್ನು ಹಿಡಿದು ಕೂರಿಸಿದೆ. ಇದು ಯುದ್ಧದ ಹಾಡಲ್ಲ ಕಣೋ, ಹಿರಿಯರ ಹೆಸರು ಹೇಳಿಕೊಂಡು ತಾವೇನೂ ಮಾಡದೆ ಬಿದ್ದಿರುವವರನ್ನು ಬೈಯುವ ಹಾಡು ಎಂದು, ಸೋಫಾದಿಂದ ಹಿಡಿದು ಸ್ಟೀಲಿನ ಪ್ರತಿಮೆಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಮೊದಲ ಸಲ ಇಯರ್‌ಫೋನ್ ತೆಗೆದು ಕೇಳಿದ. ಗಂಭೀರವಾಗಿ ತಲೆಯಾಡಿಸಿದ.

“ಸರಿಯಾಗೇ ಹೇಳಿದ್ದಾರೆ ಮಾವ. ಅವರ ದೇಶದಲ್ಲಿ ಹಂಗೇ ಇರ್ಬೇಕು. ನಮ್ಮ ರಕ್ತವೇ ಬೇರೆ ಬಿಡಿ. ನಮ್ಮಪ್ಪನ ಕಡೆ ಮುತ್ತಾತನ ಮುತ್ತಾತ ಚಿತ್ರದುರ್ಗದ ನಾಯಕರ ಹತ್ರ ಕುದುರೆ ಪಡೆಗೆ ಸರದಾರ ಆಗಿದ್ರಂತೆ, ಗೊತ್ತಾ ನಿಮ್ಗೆ?”

ನನಗೆ ಗೊತ್ತಿದ್ದ ಮಟ್ಟಿಗೆ ಭಾವನವರ ಮನೆತನ ಏಳು ತಲೆಯಿಂದಲೂ ಶ್ಯಾನುಭೋಗಿಕೆಯದು. ಕುದುರೆಯ ಲೆಕ್ಕ ಬರೆದಿರಬಹುದು.